ಸವಾರನಿಲ್ಲದ ಕುದುರೆ

ಮುಂಬಯಿಯಿಂದ ಪುಣೆಗೆ ಹೋಗುವ ದಾರಿಯಲ್ಲಿ, ಲೋಣಾವಳದ ಸಮೀಪ, ಸಹ್ಯಾದ್ರಿಯ ಬೆಟ್ಟವೊಂದರ ಮಗ್ಗುಲಲ್ಲಿ ಕಾರ್ಲೆ ಎಂಬ ಸ್ಥಳವಿದೆ. ಅಲ್ಲಿ ಬಂಡೆಯನ್ನು ಕೊರೆದು ಮಾಡಿದ ಬೌದ್ಧ ಚೈತ್ಯಗೃಹವೊಂದು ಉಂಟು. ಕ್ರಿಸ್ತಶಕದ ಆರಂಭಕಾಲಕ್ಕೆ ಸೇರಿದ ಆ ಗುಹೆಯ ಮೊಗಸಾಲೆಯಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಚಿಕ್ಕ ಶಾಸನವೊಂದನ್ನು ಕೆತ್ತಿದ್ದಾರೆ. ವೈಜಯಂತಿಯ ಶ್ರೇಷ್ಠಿಯಾದ ಭೂತಪಾಲನು ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದೂ, ಇದು ಜಂಬೂದ್ವೀಪದಲ್ಲಿಯೇ ಉತ್ತಮವಾದುದೆಂದೂ ಆ ಶಾಸನ ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕದಂಬರು ಬನವಾಸಿಯಲ್ಲಿ ರಾಜ್ಯ ಕಟ್ಟುವುದಕ್ಕೆ ಬಹಳ ಹಿಂದೆಯೇ ವರದಾ ನದಿಯ ದಂಡೆಯ ವರ್ತಕನೊಬ್ಬನು ಅಷ್ಟು ದೂರ ಹೋಗಿ ತನ್ನ ಗಳಿಕೆಯನ್ನು ಒಂದು ಬಂಡೆಯ ಒಡಲಿಗೆ ಸುರಿದನು. ವರ್ತಕನಾದವನು ತನ್ನ ಸರಕನ್ನು ಹೊಗಳಿಕೊಳ್ಳುವುದು ಸಹಜ. ಆದರೆ ಈ ಸರಕನ್ನು ಕಂಡವರು ಅವನ ಮಾತಿಗೆ ಎದುರಾಡುವುದು ಕಷ್ಟ.

ಹೊರಗೆ ಸಹ್ಯಾದ್ರಿಯ ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟೊಡನೆ ಅಂಗಾಲಿಗೆ ಕಲ್ಲಿನ ತಂಪು ತಾಗುತ್ತದೆ. ಕಣ್ಣಿಗೆ ಕ್ಷಣಕಾಲ ಏನೂ ಕಾಣುವುದಿಲ್ಲ. ಆಮೇಲೆ ಮೆಲ್ಲಮೆಲ್ಲನೆ ಕಂಬಗಳು ಮೂಡುತ್ತವೆ. ಆ ಮಂದಿರ ಸುಮಾರು 124 ಅಡಿ ಉದ್ದ, 45 ಅಡಿ ಅಗಲವಿದೆ. ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ. ಎಡಬಲಗಳಲ್ಲಿ ಹದಿನೈದು ಹದಿನೈದು ಕಂಬಗಳು. ಅವುಗಳ ತಲೆಯ ಮೇಲೆ ಮಂಡಿಯೂರಿದ ಆನೆಗಳು, ಆನೆಗಳ ಮೇಲೆ ಕುಳಿತ ಸ್ತ್ರೀಪುರುಷರು. ತುತ್ತತುದಿಯಲ್ಲಿ ಸ್ತೂಪ. ಮುಂಭಾಗದ ಗೋಡೆಯಲ್ಲಿ, ಬಾಗಿಲುಗಳ ಮೇಲೆ, ಕುದುರೆಯ ಲಾಳದ ಆಕಾರದ ದೊಡ್ಡ ಗವಾಕ್ಷವೊಂದಿದೆ. ಒಳಗೆ ಬರುವ ಬೆಳಕೆಲ್ಲ ಮುಖ್ಯವಾಗಿ ಅದರ ಮೂಲಕವೇ ಬರಬೇಕು. ಆ ಬೆಳಕು ಪಕ್ಕದ ಓಣಿಗಳನ್ನು ಕತ್ತಲೆಗೆ ಬಿಟ್ಟು, ನಡುವಣ ಅಂಕಣವನ್ನು ಹಾಯ್ದು ಸ್ತೂಪದ ಮೇಲೆ ಬೀಳುತ್ತದೆ. ನೋಡುವವನ ಕಣ್ಣನ್ನು ಎಲ್ಲಿಗೆ ಒಯ್ಯಬೇಕೆಂಬುದು ಶಿಲ್ಪಿಗೆ ಚೆನ್ನಾಗಿ ಗೊತ್ತಿತ್ತು. ಸ್ತೂಪದ ಹಿಂದೆ ಏಳು ಕಂಬಗಳಿವೆ. ಅವುಗಳಿಗೆ ಆನೆಯೂ ಇಲ್ಲ, ಅಲಂಕಾರವೂ ಇಲ್ಲ. ಪ್ರದಕ್ಷಿಣೆ ಬರುವವನು ಆ ಭಾಗವನ್ನು ತಲುಪುವ ವೇಳೆಗೆ ಕಣ್ಣಿಗೆ ಸ್ತೂಪವಲ್ಲದೆ ಬೇರೊಂದು ಆಕರ್ಷಣೆ ಉಳಿದಿರುವುದಿಲ್ಲ.

ತಲೆಯೆತ್ತಿ ನೋಡಿದರೆ ಇನ್ನೊಂದು ಸೋಜಿಗ. ಕಮಾನಿನಾಕಾರದ ಬಂಡೆಯ ಛಾವಣಿಗೆ ಮರದ ಪಕ್ಕೆಲುಬುಗಳನ್ನು ಜೋಡಿಸಿದ್ದಾರೆ. ಬಂಡೆ ಬೀಳದಂತೆ ತಡೆಯಲು ಮರ ಬೇಕಾಗಿಲ್ಲ. ಹಿಂದೆ ಮರದಲ್ಲಿ ಕಟ್ಟುತ್ತಿದ್ದ ಪ್ರಾರ್ಥನಾಮಂದಿರದ ನೆನಪು ಉಳಿಯಲೆಂದೇ ಅವನ್ನು ಇಟ್ಟಿರಬೇಕು. ಸ್ತೂಪದ ನೆತ್ತಿಯ ಮೇಲಿನ ಛತ್ರವೂ ಮರದ್ದೇ. ಇಷ್ಟು ಶತಮಾನಗಳ ಗಾಳಿ ಮಳೆಗಳ ನಂತರವೂ ಆ ಮರ ಅಲ್ಲಿಯೇ ಇದೆ. ಇಂಥ ಛಾವಣಿಯ ಕೆಳಗೆ ಮೆಲುದನಿಯಲ್ಲಿ ಆಡಿದ ಮಾತೂ ತುಂಬಿಕೊಂಡು ಕೇಳಿಸುತ್ತದೆ. ನೂರು ಜನ ಭಿಕ್ಷುಗಳು ಒಂದೇ ಕಂಠದಲ್ಲಿ ತ್ರಿಶರಣವನ್ನು ಪಠಿಸಿದರೆ ಆ ಶಬ್ದ ಯಾರ ಬಾಯಿಂದ ಹೊರಟಿತೆಂದು ಹೇಳುವುದೇ ಅಸಾಧ್ಯವಾಗುತ್ತಿದ್ದಿರಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬುದ್ಧನ ಬೋಧನೆಯನ್ನು ಅಲ್ಪಸ್ವಲ್ಪ ಓದಿದವರಿಗೂ ಅದು ಏಳಲೇಬೇಕು. ಇಂದ್ರಿಯಗಳ ಬಾಗಿಲನ್ನು ಕಾಯಬೇಕೆಂದು ಸಾರಿದವನು ಬುದ್ಧ. ಕಣ್ಣು ಉರಿಯುತ್ತಿದೆ, ಕಿವಿ ಉರಿಯುತ್ತಿದೆ, ರಾಗದ್ವೇಷಮೋಹಗಳ ಬೆಂಕಿಯಿಂದ ಎಲ್ಲ ಇಂದ್ರಿಯಗಳೂ ಉರಿಯುತ್ತಿವೆ ಎಂಬುದು ಗಯೆಯಲ್ಲಿ ಅವನು ಮಾಡಿದ ಉಪದೇಶದ ತಿರುಳು. ಸಂಘವನ್ನು ಸೇರುವ ಶ್ರಾಮಣೇರನು ಸ್ವೀಕರಿಸುವ ಹತ್ತು ಶೀಲಗಳಲ್ಲಿ ನೃತ್ಯ ಗೀತ ವಾದ್ಯಗಳನ್ನು ತೊರೆಯುವುದು ಒಂದು. ಹೂಮಾಲೆ ಸುಗಂಧ ಲೇಪನಗಳನ್ನು ತೊರೆಯುವುದು ಮತ್ತೊಂದು. ಹೀಗಿದ್ದ ಮೇಲೆ ಅದೇ ಧರ್ಮದ ಮಂದಿರದಲ್ಲಿ ಕಣ್ಣಿಗೆ ಇಷ್ಟೊಂದು ಶಿಲ್ಪ, ಕಿವಿಗೆ ಇಷ್ಟೊಂದು ನಾದ, ಮೂಗಿಗೆ ಇಷ್ಟೊಂದು ಧೂಪ ಏಕೆ? ಶಿಷ್ಯರು ಗುರುವಿನ ಮಾತನ್ನು ಮರೆತರೇ?

ಕೆಲವರು ಹಾಗೆಂದೇ ಹೇಳುತ್ತಾರೆ. ಪಾಮರಜನರ ಸಂತೋಷಕ್ಕಾಗಿ ಧರ್ಮವು ತನ್ನ ಬಿಗಿಯನ್ನು ಸಡಿಲಿಸಿತು, ಕಲೆಯು ಹಿಂಬಾಗಿಲಿನಿಂದ ಒಳಹೊಕ್ಕಿತು ಎಂಬುದು ಅವರ ಮತ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಬುದ್ಧನ ಕೊನೆಯ ದಿನಗಳನ್ನು ವರ್ಣಿಸುವ ಮಹಾಪರಿನಿಬ್ಬಾಣ ಸುತ್ತದಲ್ಲಿಯೇ, ನಾಲ್ಕು ದಾರಿಗಳು ಕೂಡುವೆಡೆಯಲ್ಲಿ ಸ್ತೂಪವನ್ನು ಕಟ್ಟಬಹುದೆಂದೂ, ಅಲ್ಲಿ ಹೂವನ್ನೋ ಗಂಧವನ್ನೋ ಅರ್ಪಿಸಿ ಪ್ರಸನ್ನಚಿತ್ತದಿಂದ ವಂದಿಸುವವರಿಗೆ ದೀರ್ಘಕಾಲದ ಹಿತವಾಗುವುದೆಂದೂ ಹೇಳಿದೆ. ಯಾವ ಮಾಲೆಯನ್ನು ತನ್ನ ಕೊರಳಿಗೆ ಹಾಕಿಕೊಳ್ಳಬಾರದೋ ಆ ಮಾಲೆಯನ್ನೇ ಸ್ತೂಪಕ್ಕೆ ಅರ್ಪಿಸಬಹುದು. ಮಾಲೆ ಒಂದೇ, ಅದರ ಪರಿಮಳವೂ ಒಂದೇ. ತನಗಾಗಿ ಇಟ್ಟುಕೊಂಡಾಗ ಅದು ‘ನಾನು’ ಎಂಬುದನ್ನು ಕೊಬ್ಬಿಸುತ್ತದೆ. ಕೊಟ್ಟಾಗ ಅದನ್ನು ಕರಗಿಸುತ್ತದೆ. ಇಂದ್ರಿಯಗಳನ್ನು ಕೊಲ್ಲುವುದು ಬೇರೆ, ಅವಕ್ಕೊಂದು ಕೆಲಸ ಕೊಡುವುದು ಬೇರೆ. ಬೌದ್ಧ ಕಲೆ ಹಿಡಿದದ್ದು ಎರಡನೆಯ ದಾರಿಯನ್ನು.

ಅದು ಮೊದಲು ಕೆಲಸ ಕೊಟ್ಟದ್ದು ಕಾಲಿಗೆ. ಮಧ್ಯಪ್ರದೇಶದ ಸಾಂಚಿಯಲ್ಲಿರುವ ಮಹಾಸ್ತೂಪವನ್ನು ನೋಡಿದರೆ ಇದು ತಿಳಿಯುತ್ತದೆ. ಅಶೋಕನ ಕಾಲದಲ್ಲಿ ಇಟ್ಟಿಗೆಯಿಂದ ಕಟ್ಟಿದ ಈ ಸ್ತೂಪವನ್ನು ಮುಂದೆ ಸುಮಾರು ಇಮ್ಮಡಿಯಾಗಿ ಹಿಗ್ಗಿಸಿ ಕಲ್ಲಿನ ಹೊದಿಕೆ ಹೊದಿಸಿದರು. ಈಗ ಅದರ ವ್ಯಾಸ ಸುಮಾರು 120 ಅಡಿ, ಎತ್ತರ ಸುಮಾರು 54 ಅಡಿ. ಅದರ ಒಳಗೆ ಹೋಗುವಂತಿಲ್ಲ. ಒಳಗೆ ಕೋಣೆಯೂ ಇಲ್ಲ, ಗರ್ಭಗುಡಿಯೂ ಇಲ್ಲ. ಅದು ಇಡಿಯಾಗಿ ತುಂಬಿದ ಗುಡ್ಡೆ. ಅದನ್ನು ಸುತ್ತುವುದೊಂದೇ ಅದರೊಡನೆ ನಾವು ಇಟ್ಟುಕೊಳ್ಳಬಹುದಾದ ಸಂಬಂಧ. ಸುತ್ತಲೂ ಕಲ್ಲಿನ ಎತ್ತರವಾದ ಬೇಲಿಯಿದೆ. ಆ ಬೇಲಿಯ ಪ್ರವೇಶದ್ವಾರಗಳು ನೇರವಾಗಿಲ್ಲ. ಒಳಗೆ ಬಂದವನು ಮೊಳಕೈಯಂತೆ ಮಡಿಸಿದ ದಾರಿಯಲ್ಲಿ ತಿರುಗಲೇಬೇಕು. ತಿರುಗಿದೊಡನೆ ಸ್ತೂಪ ಅವನ ಬಲಕ್ಕೆ ಬಂದಿರುತ್ತದೆ, ಅವನು ಪ್ರದಕ್ಷಿಣೆಯನ್ನು ಆರಂಭಿಸಿಯೇ ಬಿಟ್ಟಿರುತ್ತಾನೆ. ‘ಸುತ್ತು’ ಎಂದು ಯಾರೂ ಅವನಿಗೆ ಹೇಳಬೇಕಾಗಿಲ್ಲ. ಎತ್ತರದ ಬೇಲಿಯಿಂದಾಗಿ ಹೊರಗಿನ ಲೋಕ ಮರೆಯಾಗುತ್ತದೆ. ಒಂದು ಕಡೆ ಬಾಗಿದ ಕಲ್ಲಿನ ಗೋಡೆ, ಇನ್ನೊಂದು ಕಡೆ ಕಂಬದಿಂದ ಕಂಬಕ್ಕೆ ಜಾರುವ ಬಿಸಿಲು ನೆರಳು. ಹೆಜ್ಜೆ ಒಂದು ಲಯಕ್ಕೆ ಬರುತ್ತದೆ. ಹೆಜ್ಜೆಯ ಲಯಕ್ಕೆ ಉಸಿರು, ಉಸಿರಿನ ಲಯಕ್ಕೆ ಮನಸ್ಸು.

ಆ ಕಲ್ಲುಗಳ ಮೇಲೆ ದಾನಿಗಳ ಹೆಸರುಗಳಿವೆ. ನೂರಾರು ಸಣ್ಣ ಶಾಸನಗಳು ಅವು. ಭಿಕ್ಷುಗಳು, ಭಿಕ್ಷುಣಿಯರು, ಗೃಹಿಣಿಯರು, ವರ್ತಕರು ತಮ್ಮ ಊರಿನ ಹೆಸರನ್ನೂ ಹೇಳಿಕೊಂಡು ಒಂದು ಕಂಬವನ್ನೋ ಒಂದು ಅಡ್ಡಪಟ್ಟಿಯನ್ನೋ ಕೊಟ್ಟಿದ್ದಾರೆ. ದಕ್ಷಿಣದ ತೋರಣದ ಕೆತ್ತನೆಯೊಂದನ್ನು ವಿದಿಶೆಯ ದಂತದ ಕೆಲಸಗಾರರು ಮಾಡಿದರೆಂದು ಅಲ್ಲಿಯೇ ಬರೆದಿದೆ. ಬೆರಳುದ್ದದ ದಂತದಲ್ಲಿ ಆನೆ ಕುದುರೆಗಳನ್ನು ಬಿಡಿಸಿ ಪಳಗಿದ ಕೈಗಳು ಬಂಡೆಗೆ ಬಂದಾಗಲೂ ಆ ಸೂಕ್ಷ್ಮತೆಯನ್ನು ಬಿಡಲಿಲ್ಲ.

ಪೂರ್ವದ ತೋರಣದ ನಡುವಣ ತೊಲೆಯನ್ನು ಸ್ವಲ್ಪ ನಿಂತು ನೋಡಬೇಕು. ಅಲ್ಲಿ ಸಿದ್ಧಾರ್ಥನು ಮನೆ ಬಿಟ್ಟು ಹೊರಟ ರಾತ್ರಿಯ ಕಥೆಯಿದೆ. ಎಡತುದಿಯಲ್ಲಿ ಕಪಿಲವಸ್ತು. ಕೋಟೆಯ ಬಾಗಿಲಿನಿಂದ ಕಂಥಕನೆಂಬ ಕುದುರೆ ಹೊರಬರುತ್ತದೆ. ಗೊರಸಿನ ಸದ್ದಿಗೆ ಊರು ಎಚ್ಚರಗೊಳ್ಳದಿರಲೆಂದು ದೇವತೆಗಳು ಅದರ ಕಾಲುಗಳನ್ನು ಅಂಗೈಯಲ್ಲಿ ಹಿಡಿದಿದ್ದಾರೆ. ಕುದುರೆಯ ಮೇಲೆ ರಾಜಛತ್ರವಿದೆ. ಛತ್ರದ ಕೆಳಗೆ ಸವಾರನಿಲ್ಲ! ಅದೇ ಕುದುರೆ ಮತ್ತೆ ಮುಂದೆ, ಮತ್ತೆ ಮುಂದೆ, ಪ್ರತಿ ಬಾರಿಯೂ ಖಾಲಿ ಬೆನ್ನಿನ ಮೇಲೆ ಛತ್ರವನ್ನು ಹೊತ್ತು ಸಾಗುತ್ತದೆ. ಬಲತುದಿಗೆ ಬಂದಾಗ ನೆಲದ ಮೇಲೆ ಎರಡು ಪಾದಗಳ ಗುರುತು. ಛತ್ರ ಈಗ ಆ ಪಾದಗಳ ಮೇಲಿದೆ. ಸಾರಥಿ ಛಂದಕನು ಅವುಗಳೆದುರು ಮಂಡಿಯೂರಿದ್ದಾನೆ. ಅದರ ಕೆಳಗೆ, ಅದೇ ಕುದುರೆ ಊರಿನ ಕಡೆಗೆ ಮುಖಮಾಡಿ ಹಿಂತಿರುಗುತ್ತಿದೆ. ಈಗ ಛತ್ರವಿಲ್ಲ. ಮುಂಚೆಯೂ ಬೆನ್ನು ಖಾಲಿಯಾಗಿತ್ತು, ಈಗಲೂ ಖಾಲಿಯಾಗಿದೆ. ಆದರೂ ಮೊದಲಿನ ಕುದುರೆಯ ಮೇಲೆ ಒಬ್ಬನಿದ್ದ, ಹಿಂತಿರುಗುವ ಕುದುರೆಯ ಮೇಲೆ ಯಾರೂ ಇಲ್ಲ ಎಂಬುದು ನೋಡುವವನಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಇದನ್ನು ತಿಳಿಸಿದ್ದು ಕಲ್ಲಲ್ಲ, ನೋಡುವವನ ಮನಸ್ಸು.

ಆದಿಕಾಲದ ಬೌದ್ಧ ಶಿಲ್ಪಗಳಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ಏಕೆ ತೋರಿಸಲಿಲ್ಲವೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಿರ್ವಾಣವನ್ನು ಪಡೆದವನಿಗೆ ರೂಪ ಕೊಡಬಾರದೆಂಬ ಭಾವನೆ ಕಾರಣವೆಂದು ಕೆಲವರು. ಹಲವು ಶಿಲ್ಪಗಳು ತೋರಿಸುವುದು ಬುದ್ಧನನ್ನಲ್ಲ, ಅವನ ನಂತರ ಯಾತ್ರಿಕರು ಪೂಜಿಸುತ್ತಿದ್ದ ಮರ ಪೀಠಗಳನ್ನು ಎಂದು ಇನ್ನು ಕೆಲವರು. ಕಾರಣ ಏನೇ ಇರಲಿ, ಅದರಿಂದಾದ ಪರಿಣಾಮ ದೊಡ್ಡದು. ಬೋಧಿವೃಕ್ಷದ ಕೆಳಗೆ ಬರಿಯ ಪೀಠ, ಪಾದಗಳ ಗುರುತು, ಧರ್ಮಚಕ್ರ, ಸ್ತೂಪ ಇವೆಲ್ಲ ಅರ್ಧ ಹೇಳಿದ ಮಾತುಗಳು. ಉಳಿದರ್ಧವನ್ನು ಭಕ್ತನೇ ತುಂಬಬೇಕು.

ಇಂಥ ಶಿಲ್ಪಗಳನ್ನು ನೋಡಲು ನಾವು ಸಾಂಚಿಗೇ ಹೋಗಬೇಕೆಂದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ, ಭೀಮಾನದಿಯ ದಂಡೆಯಲ್ಲಿ, ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಸಾತವಾಹನರ ಕಾಲದ ಮಹಾಚೈತ್ಯವೊಂದು ಬೆಳಕಿಗೆ ಬಂದಿತು. ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಜಾತಕಕಥೆಗಳು, ಬುದ್ಧನ ಜೀವನದ ಘಟನೆಗಳು, ರಾಜರ ಚಿತ್ರಗಳು ಅಲ್ಲಿವೆ. ರಾಣಿಯರೊಡನೆ ನಿಂತ ಅಶೋಕನ ಶಿಲ್ಪದ ಮೇಲೆ ‘ರಾಯ ಅಸೋಕೋ’ ಎಂದು ಹೆಸರನ್ನೇ ಕೆತ್ತಿದ್ದಾರೆ. ಅಲ್ಲಿ ಬುದ್ಧನು ಬರಿದಾದ ಪೀಠವಾಗಿ, ಪಾದವಾಗಿ ಇರುವ ಚಪ್ಪಡಿಗಳೂ ಇವೆ. ಮನುಷ್ಯರೂಪದ ಬುದ್ಧಪ್ರತಿಮೆಗಳೂ ಇವೆ. ಒಂದು ಕ್ರಮದಿಂದ ಇನ್ನೊಂದು ಕ್ರಮಕ್ಕೆ ಭಕ್ತರ ಮನಸ್ಸು ಹೊರಳಿದ ಕಾಲ ಒಂದೇ ಅಂಗಳದಲ್ಲಿ ನಿಂತಿದೆ.

ಪ್ರತಿಮೆ ಬಂದ ಮೇಲೆ ಮನಸ್ಸಿನ ಕೆಲಸ ಕಡಿಮೆಯಾಯಿತೇ? ಮಥುರೆ, ಗಾಂಧಾರಗಳಲ್ಲಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಬುದ್ಧನ ಮೂರ್ತಿಗಳು ಹೇರಳವಾಗಿ ಮೂಡಿದವು. ಆ ಪರಂಪರೆ ಪರಿಪಕ್ವವಾದದ್ದು ಐದನೆಯ ಶತಮಾನದ ಸಾರನಾಥದಲ್ಲಿ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿರುವ ಧರ್ಮೋಪದೇಶ ಮಾಡುತ್ತಿರುವ ಬುದ್ಧನ ವಿಗ್ರಹವನ್ನು ನೀವು ಚಿತ್ರದಲ್ಲಾದರೂ ಕಂಡಿರಬಹುದು. ಎದೆಯ ಮುಂದೆ ಬೆರಳುಗಳು ಚಕ್ರವನ್ನು ತಿರುಗಿಸುವಂತೆ ಕೂಡಿವೆ. ಪೀಠದಲ್ಲಿ ಚಕ್ರ, ಜಿಂಕೆಗಳು, ಮೊದಲ ಐವರು ಶಿಷ್ಯರು. ನಮ್ಮ ದೇವಾಲಯಗಳಲ್ಲಿ ದೇವರು ಅಗಲವಾಗಿ ಕಣ್ದೆರೆದು ನಮ್ಮನ್ನು ನೋಡುತ್ತಾನೆ. ದರ್ಶನವೆಂದರೆ ನಾವು ನೋಡುವುದೂ ಹೌದು, ನೋಡಿಸಿಕೊಳ್ಳುವುದೂ ಹೌದು. ಸಾರನಾಥದ ಬುದ್ಧನ ರೆಪ್ಪೆಗಳು ಇಳಿದಿವೆ. ನಮ್ಮನ್ನು ನೋಡದ ಆ ಮುಖವನ್ನು ನೋಡುತ್ತ ನಿಂತರೆ ನಮ್ಮ ದೃಷ್ಟಿಯೂ ಹೊರಗೆ ನಿಲ್ಲಲಾರದೆ ಒಳಕ್ಕೆ ತಿರುಗುತ್ತದೆ. ಬರಿದಾದ ಪೀಠ ಮಾಡುತ್ತಿದ್ದ ಕೆಲಸವನ್ನು ಈಗ ಇಳಿದ ರೆಪ್ಪೆ ಮಾಡುತ್ತಿದೆ.

ಕಣ್ಣಿನ ಮಾತು ಬಂದಾಗ ಸಿಂಹಳದ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗಲಾರೆ. ಆನಂದ ಕುಮಾರಸ್ವಾಮಿಯವರು ಸಿಂಹಳದ ಮಧ್ಯಕಾಲೀನ ಕಲೆಯನ್ನು ಕುರಿತು 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ. ಹೊಸ ಬುದ್ಧಪ್ರತಿಮೆಯ ಕೆಲಸವೆಲ್ಲ ಮುಗಿದ ಮೇಲೆ ಕಣ್ಣುಗಳನ್ನು ಬರೆಯುವುದೊಂದು ಉಳಿಯುತ್ತದೆ. ಅದಕ್ಕೆ ಮುಹೂರ್ತವಿದೆ, ವಿಧಿಯಿದೆ. ಶಿಲ್ಪಿಯು ಪ್ರತಿಮೆಯ ಮುಖವನ್ನು ನೇರವಾಗಿ ನೋಡುವಂತಿಲ್ಲ. ಬೆನ್ನು ಮಾಡಿ ನಿಂತು, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನು ನೋಡುತ್ತ, ಹೆಗಲ ಮೇಲಿಂದ ಕೈ ಚಾಚಿ ಕಣ್ಣುಗಳನ್ನು ಬರೆಯುತ್ತಾನೆ. ಆವರೆಗೆ ಅದು ಅವನು ಉಳಿಯಿಂದ ಹೊಡೆದ ಕಲ್ಲು, ಬಣ್ಣ ಬಳಿದ ಗಾರೆ. ಕಣ್ಣು ಮೂಡಿದ ಕ್ಷಣದಿಂದ ಅವನಿಗೂ ಅದು ಪೂಜ್ಯ. ತಾನೇ ಮಾಡಿದ್ದರ ಮುಂದೆ ತಲೆಬಾಗುವುದು ಎಷ್ಟು ಜನ ಕಲಾವಿದರಿಗೆ ಸಾಧ್ಯ?

ಅಜಂತಾ ಗುಹೆಗಳ ವಿಷಯವನ್ನು ನೀವು ಬೇರೆಡೆ ಓದಿಯೇ ಇರುತ್ತೀರಿ. ಆದ್ದರಿಂದ ಇಲ್ಲಿ ಒಂದು ಶಿಲ್ಪದ ಮಾತು ಸಾಕು. ಅಲ್ಲಿಯ 26ನೆಯ ಗುಹೆಯಲ್ಲಿ, ಪ್ರದಕ್ಷಿಣೆಯ ಎಡ ಓಣಿಯ ಗೋಡೆಯಲ್ಲಿ, 20 ಅಡಿಗೂ ಮೀರಿದ ಬುದ್ಧನು ಬಲಮಗ್ಗುಲಾಗಿ ಒರಗಿ ಪರಿನಿರ್ವಾಣ ಹೊಂದುತ್ತಿದ್ದಾನೆ. ಮಂಚದ ಕೆಳಗೆ ಶಿಷ್ಯರು ದುಃಖಿಸುತ್ತಿದ್ದಾರೆ. ಮೇಲೆ ದೇವತೆಗಳು ಸಂತೋಷಪಡುತ್ತಿದ್ದಾರೆ. ನಡೆದುಹೋಗುವ ಭಕ್ತನ ಕಣ್ಣು ಇರುವುದು ಶೋಕಿಸುವವರ ಎತ್ತರದಲ್ಲಿ. ಆ ಸಂತೋಷವನ್ನು ಕಾಣಬೇಕಾದರೆ ಅವನು ತಲೆಯೆತ್ತಬೇಕು.

ನಡೆಯುವ ಕಾಲು, ನೋಡುವ ಕಣ್ಣು, ತುಂಬಿಕೊಳ್ಳುವ ಮನಸ್ಸು ಈ ಮೂರನ್ನೂ ಒಂದೇ ಕಟ್ಟಡದಲ್ಲಿ ಸೇರಿಸಿದವರು ಸಮುದ್ರದಾಚೆಯ ಜಾವಾದ ಶಿಲ್ಪಿಗಳು. ಎಂಟು ಒಂಬತ್ತನೆಯ ಶತಮಾನಗಳಲ್ಲಿ ಶೈಲೇಂದ್ರ ಅರಸರ ಕಾಲದಲ್ಲಿ ಕಟ್ಟಿದ ಬೊರೊಬುದುರ್ ಒಂದು ಕಲ್ಲಿನ ಬೆಟ್ಟವೆಂದೇ ಹೇಳಬೇಕು. ಕೆಳಗಿನ ಅಂತಸ್ತುಗಳು ಚೌಕ. ಅವುಗಳ ಓಣಿಗಳ ಎರಡು ಬದಿಯಲ್ಲಿಯೂ ಎತ್ತರದ ಗೋಡೆ, ಗೋಡೆಯ ತುಂಬ ಕಥೆ. ಕಥೆ ಹೇಳುವ ಫಲಕಗಳೇ 1460 ಇವೆ. ಹಡಗು, ಸಂತೆ, ಅರಮನೆ, ಕಾಡು ಎಲ್ಲವೂ ಕಣ್ಣನ್ನು ಸೆಳೆಯುತ್ತವೆ. ಹೊರಗಿನ ಬಯಲು ಕಾಣಿಸುವುದಿಲ್ಲ. ಹೀಗೆ ಸುತ್ತಿ ಸುತ್ತಿ ಮೇಲೇರಿದವನು ಒಮ್ಮೆಲೇ ವೃತ್ತಾಕಾರದ ಜಗಲಿಗಳಿಗೆ ಬರುತ್ತಾನೆ. ಅಲ್ಲಿ ಗೋಡೆಯೂ ಇಲ್ಲ, ಕಥೆಯೂ ಇಲ್ಲ. ಮೇಲೆ ಆಕಾಶ, ದೂರದಲ್ಲಿ ಬೆಟ್ಟ, ಸುತ್ತ ರಂಧ್ರಗಳುಳ್ಳ 72 ಕಲ್ಲಿನ ಸ್ತೂಪಗಳು. ಅವುಗಳೊಳಗೆ ಒಬ್ಬೊಬ್ಬ ಬುದ್ಧ. ಜಾಲಂಧ್ರದಲ್ಲಿ ಇಣುಕಿದರೆ ಒಂದು ಭುಜ ಕಂಡೀತು, ಅಥವಾ ಒಂದು ಕೈ, ಇಡಿಯಾಗಿ ಕಾಣಲಾರ. ಎಲ್ಲಕ್ಕೂ ಮೇಲಿನ ನಟ್ಟನಡುವಿನ ದೊಡ್ಡ ಸ್ತೂಪದ ಗೋಡೆಯಲ್ಲಿ ರಂಧ್ರವೂ ಇಲ್ಲ.

ಈ ಕಾರಣದಿಂದಲೇ ಬೌದ್ಧ ಶಿಲ್ಪವನ್ನು ಅದರ ಸ್ಥಳದಿಂದ ಕಿತ್ತು ತಂದಾಗ ಏನೋ ಒಂದು ಕಳೆದುಹೋಗುತ್ತದೆ. ಆಂಧ್ರದ ಅಮರಾವತಿಯ ಮಹಾಚೈತ್ಯದ ಫಲಕಗಳಲ್ಲಿ ಹಲವು ಚೆನ್ನೈನ ವಸ್ತುಸಂಗ್ರಹಾಲಯದಲ್ಲಿವೆ, ಹಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವು ಸುರಕ್ಷಿತವಾಗಿವೆಯೆಂಬುದು ನಿಜ. ಸ್ಥಳದಲ್ಲಿಯೇ ಬಿಟ್ಟಿದ್ದರೆ ಎಷ್ಟೋ ಕಲ್ಲುಗಳು ಸುಣ್ಣದ ಗೂಡಿಗೆ ಬೀಳುತ್ತಿದ್ದವು. ಆದರೆ ಅಲ್ಲಿ ನಾವು ನಿಂತು ನೋಡುತ್ತೇವೆ, ಹೆಸರಿನ ಚೀಟಿಯನ್ನು ಓದುತ್ತೇವೆ, ಮುಂದಿನ ಕಲ್ಲಿಗೆ ಹೋಗುತ್ತೇವೆ. ಸುತ್ತುವ ಕಾಲಿಗೆ ಕೆಲಸವಿಲ್ಲ, ಹೂ ಹಿಡಿದ ಕೈಯೂ ಇಲ್ಲ.

ಹೂವಿನ ಮಾತನ್ನು ಇನ್ನೂ ಪೂರ್ತಿಯಾಗಿ ಹೇಳಿಲ್ಲ. ಸಿಂಹಳದ ವಿಹಾರಗಳಲ್ಲಿ ಭಕ್ತರು ತಾವರೆಯನ್ನೋ ನೈದಿಲೆಯನ್ನೋ ಬುದ್ಧನ ಮುಂದೆ ಒಪ್ಪವಾಗಿ ಜೋಡಿಸಿಡುತ್ತಾರೆ. ಇಡುವಾಗ ಅವರು ಪಾಳಿ ಗಾಥೆಯೊಂದನ್ನು ಹೇಳಿಕೊಳ್ಳುತ್ತಾರೆ. ಬಣ್ಣ ಪರಿಮಳಗಳುಳ್ಳ ಈ ಹೂವು ಹೇಗೆ ಬಾಡುವುದೋ ಹಾಗೆಯೇ ಈ ದೇಹವೂ ಬಾಡುತ್ತದೆಂಬ ಭಾವನೆ ಅದರಲ್ಲಿದೆ. ಬೆರಳಿಗೆ ಎಸಳಿನ ನುಣುಪು, ಮೂಗಿಗೆ ಪರಿಮಳ, ಕಣ್ಣಿಗೆ ಬಣ್ಣ. ಮನಸ್ಸಿಗೆ ಮಾತ್ರ ನಾಳೆಯ ಬೆಳಗಿನ ಬಾಡಿದ ಹೂವು. ಹೂವಿನ ಚೆಲುವನ್ನು ನಿರಾಕರಿಸಿದವನಿಗೆ ಈ ಪಾಠ ಸಿಗಲಾರದು. ಚೆಲುವನ್ನು ಪೂರ್ತಿಯಾಗಿ ಅನುಭವಿಸಿದವನಿಗೇ ಅದರ ಬಾಡುವಿಕೆ ಅರ್ಥವಾಗುತ್ತದೆ.

ಇದೇ ಭಾವನೆ ಇನ್ನೊಂದು ರೂಪದಲ್ಲಿ ನಮ್ಮ ನಾಡಿನಲ್ಲಿಯೂ ಇದೆ. ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರು 1960ರ ದಶಕದ ಆರಂಭದಿಂದ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿದ್ದಾರೆ. 1963ರಲ್ಲಿ ಸ್ಥಾಪಿತವಾದ ನಮ್ಡ್ರೋಲಿಂಗ್ ವಿಹಾರ ಅಲ್ಲಿದೆ. ಅಲ್ಲಿ ಪೂಜೆ ನಡೆಯುವಾಗ ಮೌನವನ್ನು ನಿರೀಕ್ಷಿಸಿ ಹೋದವರು ಬೆಚ್ಚಿಬೀಳುತ್ತಾರೆ. ಆಳೆತ್ತರವನ್ನು ಮೀರಿದ ಕಹಳೆಗಳು ಮೊರೆಯುತ್ತವೆ, ನಗಾರಿಗಳು ಎದೆಗೂಡಿನಲ್ಲಿಯೇ ಬಡಿದಂತಾಗುತ್ತದೆ, ತಾಳಗಳು ಝಲ್ಲೆನ್ನುತ್ತವೆ. ಅನಂತರ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ. ಆ ಸದ್ದಿನ ಹಿಂದೆಯೇ ಬಂದ ನಿಶ್ಶಬ್ದ ಎಂದಿನ ನಿಶ್ಶಬ್ದದಂತಿರುವುದಿಲ್ಲ.

ಟಿಬೆಟ್ಟಿನ ಭಿಕ್ಷುಗಳು ಕೆಲವು ವಿಶೇಷ ಸಂದರ್ಭಗಳಲ್ಲಿ ಬಣ್ಣದ ಮರಳಿನಿಂದ ಮಂಡಲವನ್ನು ರಚಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ರಂಗೋಲಿ ಹಾಕುವುದನ್ನು ಬಲ್ಲ ನಮಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಇದರ ಸೂಕ್ಷ್ಮತೆ ಬೇರೆ. ಮೊದಲು ದಾರ ಹಿಡಿದು ಗೆರೆಗಳನ್ನು ಗುರುತು ಮಾಡುತ್ತಾರೆ. ಆಮೇಲೆ ಲೋಹದ ಸಣ್ಣ ಕೊಳವೆಗಳಲ್ಲಿ ಮರಳನ್ನು ತುಂಬಿ, ಕೊಳವೆಯ ಮೈಮೇಲಿನ ಹಲ್ಲುಗಳನ್ನು ಇನ್ನೊಂದರಿಂದ ತೀಡುತ್ತಾರೆ. ಆ ಅದುರಿಗೆ ಮರಳು ಎಳೆಯಾಗಿ ಇಳಿಯುತ್ತದೆ. ನಾಲ್ಕಾರು ಮಂದಿ ಬಾಗಿ ಕುಳಿತು ಹಲವು ದಿನ ಕೆಲಸ ಮಾಡುತ್ತಾರೆ. ಉಸಿರು ಜೋರಾಗಿ ಬಿಟ್ಟರೂ ಗೆರೆ ಕೆಡುತ್ತದೆ. ನಾಲ್ಕು ಬಾಗಿಲುಗಳ ಅರಮನೆ, ಅದರ ನಡುವೆ ದೇವತೆಯ ಸ್ಥಾನ, ಸುತ್ತ ಕಮಲದ ದಳಗಳು, ಅಗ್ನಿಯ ವಲಯ ಎಲ್ಲವೂ ಸಿದ್ಧವಾಗುತ್ತವೆ. ಪೂಜೆ ಮುಗಿದ ಬಳಿಕ ಹಿರಿಯ ಭಿಕ್ಷುವೊಬ್ಬನು ಅಂಚಿನಿಂದ ನಡುವಿಗೆ ಗೆರೆ ಎಳೆದು ಅದನ್ನು ಕದಡುತ್ತಾನೆ. ಅಷ್ಟು ದಿನ ದುಡಿದವರೇ ಪೊರಕೆ ಹಿಡಿದು ಮರಳನ್ನೆಲ್ಲ ನಡುವಿಗೆ ಗುಡಿಸುತ್ತಾರೆ. ಕೆಂಪು, ಹಸುರು, ನೀಲಿ, ಹಳದಿ ಎಲ್ಲ ಬೆರೆತು ಬೂದುಬಣ್ಣದ ಒಂದು ಹಿಡಿ ಪುಡಿಯಾಗುತ್ತದೆ. ಅದನ್ನು ಕಲಶದಲ್ಲಿ ತುಂಬಿ, ಕಹಳೆ ತಾಳಗಳೊಡನೆ ಮೆರವಣಿಗೆಯಲ್ಲಿ ಕೊಂಡೊಯ್ದು ಹರಿಯುವ ನೀರಿಗೆ ಬಿಡುತ್ತಾರೆ.